ಅರಿವಿದ್ದೂ ಮಿಡಿಯದ ಮನಸ್ಸು

ಮೋಸ ಮಾಡುವವನಿಗೆ ಎದುರಿನವರ ಮನಸ್ಸು ಅಂಗೈ ನೆಲ್ಲಿಯಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಮಹಾಭಾರತದ ಶಕುನಿ ಇದಕ್ಕೆ ಮಾದರಿ. ಧರ್ಮರಾಯನಿಗೆ ಜೂಜಿನ ಮೋಹವಿದೆ, ಆಟ ಬಾರದು, ಕರೆದರೆ ಒಲ್ಲೆನೆನ್ನಲಾರ ಎಂಬ ಮೂರನ್ನೂ ಅವನು ಬಲ್ಲ. ಆದರೆ ಮನೆಯಲ್ಲೋ ಕಚೇರಿಯಲ್ಲೋ ಯಾರಾದರೂ ನಮ್ಮನ್ನು ನೋಯಿಸಿದಾಗ ಆಡುವ ಮಾತು ಇದಕ್ಕೆ ತದ್ವಿರುದ್ಧ. "ಆ ಮನುಷ್ಯನಿಗೆ ಇನ್ನೊಬ್ಬರ ಕಷ್ಟ ಅರ್ಥವೇ ಆಗುವುದಿಲ್ಲ" ಎನ್ನುತ್ತೇವೆ. ಒಂದೇ ಬಗೆಯ ಸ್ವಭಾವದವರನ್ನು ಒಮ್ಮೆ ಮನಸ್ಸು ಓದುವ ಚತುರರೆಂದೂ ಇನ್ನೊಮ್ಮೆ ಮನಸ್ಸೇ ತಿಳಿಯದವರೆಂದೂ ಕರೆಯುತ್ತೇವೆ.

ಎರಡರಲ್ಲಿ ಯಾವುದು ನಿಜ ಎಂಬುದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಹಟಮಾರಿ ಮಗುವಿಗೆ ಏನು ಕಲಿಸಬೇಕು, ಕಾಟ ಕೊಡುವ ಮೇಲಧಿಕಾರಿಯನ್ನು ಹೇಗೆ ಎದುರಿಸಬೇಕು, ಜೈಲಿನಲ್ಲಿರುವವರಿಗೆ ಯಾವ ತರಬೇತಿ ಕೊಡಬೇಕು, ನೋಯಿಸುವ ಸಂಗಾತಿಯ ಜೊತೆ ಬಾಳುವವರಿಗೆ ಏನು ಹೇಳಬೇಕು, ಈ ಎಲ್ಲವೂ ಆ ಉತ್ತರದ ಮೇಲೆ ನಿಂತಿವೆ. ಕಳೆದ ಐವತ್ತು ವರ್ಷಗಳ ಮನೋವಿಜ್ಞಾನ ಈ ಪ್ರಶ್ನೆಯನ್ನು ಹಲವು ದಿಕ್ಕುಗಳಿಂದ ಕೆದಕಿದೆ. ಆ ಕೆಲಸವನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಮನವರಿಕೆಯಾಗುವುದು ಇಷ್ಟು: ಕಷ್ಟದ ಸ್ವಭಾವದ ಬಹುಪಾಲು ಜನರಿಗೆ ಇನ್ನೊಬ್ಬರನ್ನು ಅರಿಯುವ ಶಕ್ತಿ ಇರುತ್ತದೆ. ಆ ಶಕ್ತಿ ಕೇಳದೆಯೇ ತಾನಾಗಿ ಕೆಲಸಕ್ಕಿಳಿಯುವುದಿಲ್ಲ. ಇಳಿದರೂ ಎದೆಯನ್ನು ತಟ್ಟುವುದಿಲ್ಲ. ಕೊರತೆಯನ್ನು ಹುಡುಕಬೇಕಾದ ಜಾಗ ಅದು.

ಮೂರು ಸ್ವಭಾವ, ಮೂರು ಶಕ್ತಿ

ಮೊದಲು ಯಾವ ಸ್ವಭಾವಗಳ ಮಾತು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. 2002ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೆಲ್‌ರಾಯ್ ಪೌಲಸ್ ಮತ್ತು ಕೆವಿನ್ ವಿಲಿಯಮ್ಸ್ ಮೂರು ಗುಣಗಳನ್ನು ಒಟ್ಟುಗೂಡಿಸಿ 'ಕರಾಳ ತ್ರಿಕೂಟ' ಎಂಬ ಅರ್ಥದ ಹೆಸರಿಟ್ಟರು. ಒಂದು ಆತ್ಮರತಿ: ತಾನೇ ದೊಡ್ಡವನು, ಎಲ್ಲರೂ ತನ್ನನ್ನು ಮೆಚ್ಚಬೇಕು ಎಂಬ ಹಸಿವು. ಎರಡು ಮ್ಯಾಕಿಯವೆಲ್ಲಿ ಗುಣ: ಜನರನ್ನು ದಾಳಗಳಂತೆ ನಡೆಸುವ ಲೆಕ್ಕಾಚಾರ. ಮೂರು ಸೈಕೋಪಥಿ: ಭಯ, ಪಶ್ಚಾತ್ತಾಪ, ಕರುಣೆಗಳು ತೆಳುವಾಗಿರುವ ದುಡುಕು ಸ್ವಭಾವ. ಇನ್ನೊಬ್ಬರ ನೋವಿನಲ್ಲಿ ಸುಖಪಡುವ ಗುಣವನ್ನು ನಾಲ್ಕನೆಯದಾಗಿ ಆಮೇಲೆ ಸೇರಿಸಿದರು. ಇವು ಕಾಯಿಲೆಯ ಹೆಸರುಗಳಲ್ಲ. ಎತ್ತರ, ತೂಕಗಳ ಹಾಗೆ ಎಲ್ಲರಲ್ಲೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇರುವ ಗುಣಗಳು. ತೀರಾ ಹೆಚ್ಚಾಗಿ ಬದುಕು ಕೆಟ್ಟಾಗ ಮಾತ್ರ ವೈದ್ಯರು ವ್ಯಕ್ತಿತ್ವದ ತೊಂದರೆ ಎಂದು ಗುರುತಿಸುತ್ತಾರೆ. ಸಿನಿಮಾಗಳಿಂದ ಬಂದ 'ಸೈಕೋ' ಎಂಬ ಬೈಗುಳಕ್ಕೂ ಇದಕ್ಕೂ ಸಂಬಂಧವಿಲ್ಲ.

'ಇನ್ನೊಬ್ಬರನ್ನು ಅರ್ಥಮಾಡಿಕೊಳ್ಳುವುದು' ಎಂಬ ಮಾತಿನೊಳಗೂ ಮೂರು ಬೇರೆ ಬೇರೆ ಶಕ್ತಿಗಳಿವೆ. ಮೊದಲನೆಯದು ಅರಿವು: ಎದುರಿನವರು ಏನು ಯೋಚಿಸುತ್ತಿದ್ದಾರೆ, ಏನು ಬಯಸುತ್ತಿದ್ದಾರೆ ಎಂದು ಊಹಿಸುವುದು. ಚಿಂಪಾಂಜಿಗೂ ಈ ಶಕ್ತಿ ಇದೆಯೇ ಎಂದು 1978ರಲ್ಲಿ ಡೇವಿಡ್ ಪ್ರೆಮ್ಯಾಕ್ ಮತ್ತು ಗೈ ವುಡ್ರಫ್ ಕೇಳಿದ ಪ್ರಶ್ನೆಯಿಂದ ಈ ಅಧ್ಯಯನ ವೇಗ ಪಡೆಯಿತು. ಎರಡನೆಯದು ಮಿಡಿತ: ಮಗುವಿನ ಬೆರಳು ಬಾಗಿಲಿಗೆ ಸಿಕ್ಕಿದ್ದನ್ನು ಕಂಡಾಗ ನಮ್ಮ ಬೆರಳೂ ಜುಮ್ಮೆನ್ನುವುದು, ಅದರ ಅಳುವಿಗೆ ಕರುಳು ಚುರುಕ್ಕೆನ್ನುವುದು. ಮೂರನೆಯದು ನಡೆ: ಸಮಯಕ್ಕೆ ತಕ್ಕ ಮಾತು, ಮುಖಭಾವದ ಹಿಡಿತ, ಜಗಳವನ್ನು ತಣ್ಣಗಾಗಿಸುವ ಜಾಣ್ಮೆ. ಸಾಮಾಜಿಕ ಕೌಶಲ ಎಂದು ನಾವು ಕರೆಯುವುದು ಇದನ್ನು.

ಈ ಮೂರೂ ಒಟ್ಟೊಟ್ಟಿಗೆ ಇರಲೇಬೇಕೆಂದಿಲ್ಲ. ಅರಿವಿದ್ದೂ ಮಿಡಿತವಿಲ್ಲದವರಿದ್ದಾರೆ. ಎದೆ ತುಂಬ ಮಿಡಿತವಿದ್ದೂ ತಕ್ಕ ಮಾತು ಸಿಗದೆ ಸಾವಿನ ಮನೆಯ ಬಾಗಿಲಲ್ಲೇ ನಿಂತು ಹಿಂತಿರುಗುವವರಿದ್ದಾರೆ. ನಡೆಯಲ್ಲಿ ಪಳಗಿ ಉಳಿದೆರಡನ್ನೂ ನಟಿಸುವವರೂ ಇದ್ದಾರೆ. ಚರ್ಚೆ ದಾರಿ ತಪ್ಪುವುದು ಈ ಮೂರನ್ನೂ ಒಂದೇ ಎಂದುಕೊಂಡಾಗ.

ಸೈಕೋಪಥಿ: ಕೇಳಿದರೆ ಏಳುವ ಶಕ್ತಿ

ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಪ್ರಕಟಿಸಿದ 'ದಿ ಮಾಸ್ಕ್ ಆಫ್ ಸ್ಯಾನಿಟಿ' ಪುಸ್ತಕದಲ್ಲಿ ಮೇಲ್ನೋಟಕ್ಕೆ ಮೋಡಿ ಮಾಡುವ, ಮಾತಿನಲ್ಲಿ ಚುರುಕಾದ, ಒಳಗೆ ಭಾವನೆಯ ಆಳವಿಲ್ಲದ ರೋಗಿಗಳನ್ನು ಚಿತ್ರಿಸಿದರು. ಕೆನಡಾದ ರಾಬರ್ಟ್ ಹೇರ್ ಸೈಕೋಪಥಿಯನ್ನು ಅಳೆಯುವ ಪಟ್ಟಿ ಮಾಡಿದರು. ಅದರಲ್ಲಿ 20 ಅಂಶಗಳು, ಒಟ್ಟು 40 ಅಂಕ. ಉತ್ತರ ಅಮೆರಿಕದಲ್ಲಿ 30 ಅಥವಾ ಹೆಚ್ಚು ಅಂಕ ಪಡೆದವರನ್ನು ಸೈಕೋಪಥಿ ಉಳ್ಳವರೆಂದು ಪರಿಗಣಿಸುವ ವಾಡಿಕೆ ಬೆಳೆಯಿತು. ವ್ಯಕ್ತಿಯ ಬಾಯಿಮಾತನ್ನಷ್ಟೇ ನಂಬದೆ ಅವರ ಕಡತಗಳನ್ನೂ ಓದಿ ಅಂಕ ಕೊಡುವುದು ಈ ವಿಧಾನದ ಜೀವಾಳ.

ಬ್ರಿಟನ್ನಿನ ಜೇಮ್ಸ್ ಬ್ಲೇರ್ ಮತ್ತು ಸಂಗಡಿಗರು 1997ರಲ್ಲಿ ಸೈಕೋಪಥಿ ಉಳ್ಳ ಕೈದಿಗಳಿಗೆ ಚಿತ್ರಗಳನ್ನು ತೋರಿಸಿ ಚರ್ಮದ ಬೆವರಿನ ಸೂಕ್ಷ್ಮ ಬದಲಾವಣೆಯನ್ನು ಅಳೆದರು. ಬೆದರಿಸುವ ಚಿತ್ರಗಳಿಗೆ ಅವರ ದೇಹ ಉಳಿದ ಕೈದಿಗಳ ಹಾಗೆಯೇ ಸ್ಪಂದಿಸಿತು. ಅಳುವ, ಸಂಕಟಪಡುವ ಮುಖಗಳಿಗೆ ಸ್ಪಂದನ ತೀರಾ ಕಡಿಮೆ. ಅಂದರೆ ಎಲ್ಲ ಭಾವನೆಯೂ ಬತ್ತಿಹೋಗಿರಲಿಲ್ಲ, ಇನ್ನೊಬ್ಬರ ಸಂಕಟ ತಲುಪುವ ದಾರಿಯಷ್ಟೇ ಕಿರಿದಾಗಿತ್ತು. ಸಮಾಜಘಾತುಕ ನಡವಳಿಕೆಯವರ ಮೇಲಿನ ಹಲವು ಅಧ್ಯಯನಗಳನ್ನು 2008ರಲ್ಲಿ ಒಟ್ಟುಗೂಡಿಸಿದ ಅಬಿಗೇಲ್ ಮಾರ್ಷ್ ಮತ್ತು ಬ್ಲೇರ್, ಮುಖದಲ್ಲಿನ ಭಯವನ್ನು ಗುರುತಿಸುವುದರಲ್ಲಿ ಅವರು ವಿಶೇಷವಾಗಿ ಹಿಂದೆ ಬೀಳುತ್ತಾರೆಂದು ತೋರಿಸಿದರು. ಅದೇ ಮಾರ್ಷ್ 2014ರಲ್ಲಿ ಇನ್ನೊಂದು ತುದಿಯನ್ನು ಪರೀಕ್ಷಿಸಿದರು. ಗುರುತು ಪರಿಚಯವಿಲ್ಲದವರಿಗೆ ಮೂತ್ರಪಿಂಡ ದಾನ ಮಾಡಿದ 19 ಜನರ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗ ಬಲಬದಿಯಲ್ಲಿ ಸರಾಸರಿಗಿಂತ ದೊಡ್ಡದಿತ್ತು, ಭಯಗೊಂಡ ಮುಖಗಳಿಗೆ ಅದು ಹೆಚ್ಚು ಸ್ಪಂದಿಸುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ 'ಅವರ ಮಿದುಳೇ ಹಾಗೆ' ಎಂದು ಕೈಚೆಲ್ಲಬಹುದಿತ್ತು. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಹರ್ಮಾ ಮೆಫರ್ಟ್, ಕ್ರಿಶ್ಚಿಯನ್ ಕೀಸರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಆ ತೀರ್ಮಾನವನ್ನು ಅಲುಗಿಸಿತು. ಸೈಕೋಪಥಿ ಇರುವ 18 ಅಪರಾಧಿಗಳನ್ನು ಬಿಗಿ ಕಾವಲಿನಲ್ಲಿ ಮಿದುಳಿನ ಸ್ಕ್ಯಾನಿಂಗ್ ಯಂತ್ರದ ತನಕ ಕರೆತರಲಾಯಿತು. ತೋರಿಸಿದ್ದು ಪುಟ್ಟ ಪುಟ್ಟ ಚಿತ್ರತುಣುಕುಗಳು, ತೆರೆಯ ಮೇಲೆ ಎರಡು ಕೈಗಳು ಮಾತ್ರ. ಒಂದರಲ್ಲಿ ಒಂದು ಕೈ ಇನ್ನೊಂದನ್ನು ಪ್ರೀತಿಯಿಂದ ಸವರುತ್ತದೆ. ಒಂದರಲ್ಲಿ ನೋವಾಗುವಂತೆ ಹೊಡೆಯುತ್ತದೆ. ಇನ್ನೊಂದರಲ್ಲಿ ಹತ್ತಿರ ಬಂದ ಕೈಯನ್ನು ದೂರ ತಳ್ಳುತ್ತದೆ. ಸುಮ್ಮನೆ ನೋಡಿ ಎಂದಾಗ, ಸಾಮಾನ್ಯರ ಮಿದುಳಿನಲ್ಲಿ ತಮಗೇ ಹಾಗಾದಂತೆ ಚುರುಕಾಗುವ ಭಾಗಗಳು ಅಪರಾಧಿಗಳಲ್ಲಿ ಮಂಕಾಗಿದ್ದವು. ಅದೇ ತುಣುಕುಗಳನ್ನು ಮತ್ತೆ ತೋರಿಸಿ, ಆ ಕೈಗಳವರಿಗೆ ಏನನ್ನಿಸುತ್ತಿರಬಹುದೋ ಅದನ್ನು ನೀವೂ ಅನುಭವಿಸಲು ಯತ್ನಿಸಿ ಎಂದರು. ಎರಡು ಗುಂಪುಗಳ ನಡುವಿನ ಅಂತರ ಬಹುಮಟ್ಟಿಗೆ ಕರಗಿತು.

2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಂಡ್ಸೆ ಡ್ರೇಟನ್, ಲೌರಿ ಸ್ಯಾಂಟೋಸ್ ಮತ್ತು ಏರಿಯೆಲ್ ಬ್ಯಾಸ್ಕಿನ್-ಸೊಮ್ಮರ್ಸ್ 106 ಪುರುಷ ಕೈದಿಗಳಲ್ಲಿ ಅರಿವಿನ ವಿಷಯದಲ್ಲೂ ಇದನ್ನೇ ಕಂಡರು. ಪರದೆಯಲ್ಲಿ ಒಂದು ಕೋಣೆ, ಗೋಡೆಗಳ ಮೇಲೆ ಕೆಂಪು ಚುಕ್ಕೆಗಳು, ನಡುವೆ ಒಂದು ಕಡೆಗೆ ಮುಖ ಮಾಡಿ ನಿಂತ ಮನುಷ್ಯಾಕೃತಿ. ನಿಮಗೆ ಎಷ್ಟು ಚುಕ್ಕೆ ಕಾಣುತ್ತದೆ ಎಂದು ಕೇಳಿದಾಗ, ಆ ಆಕೃತಿಗೆ ಕಾಣುವ ಸಂಖ್ಯೆ ಬೇರೆಯಾಗಿದ್ದರೆ ಹೆಚ್ಚಿನವರು ಅರೆಗಳಿಗೆ ತಡವರಿಸುತ್ತಾರೆ. ಬೇಡವೆಂದರೂ ನಾವು ಇನ್ನೊಬ್ಬರ ಕಣ್ಣಿನಿಂದ ನೋಡಿಬಿಟ್ಟಿರುತ್ತೇವೆ. ಸೈಕೋಪಥಿಯ ಅಂಕ ಹೆಚ್ಚಿದ್ದವರಲ್ಲಿ ಈ ತಡವರಿಕೆ ಕಡಿಮೆ. ಆಕೃತಿಗೆ ಎಷ್ಟು ಕಾಣುತ್ತದೆ ಎಂದು ನೇರವಾಗಿ ಕೇಳಿದರೆ ಅವರು ಸರಿಯಾಗಿಯೇ ಹೇಳಬಲ್ಲರು. ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೊಬ್ಬರನ್ನು ಗಮನಿಸದಿರುವುದೇ ಶ್ರಮ. ಅವರಿಗೆ ಗಮನಿಸುವುದು ಶ್ರಮ.

ಮ್ಯಾಕಿಯವೆಲ್ಲಿ ಗುಣ: ಚತುರನೆಂಬ ಭ್ರಮೆ

ಶಕುನಿಯ ಮಾದರಿಗೆ ಅತಿ ಹತ್ತಿರದ ಗುಣ ಇದು. ಅಮೆರಿಕದ ರಿಚರ್ಡ್ ಕ್ರಿಸ್ಟಿ ಮತ್ತು ಫ್ಲಾರೆನ್ಸ್ ಗೀಸ್ ಇಟಲಿಯ ರಾಜನೀತಿ ಚಿಂತಕ ಮ್ಯಾಕಿಯವೆಲ್ಲಿಯ ಬರಹಗಳ ಧೋರಣೆಯನ್ನು ಆಧರಿಸಿ 20 ಹೇಳಿಕೆಗಳ ಪ್ರಶ್ನಾವಳಿ ರೂಪಿಸಿ 1970ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1988ರಲ್ಲಿ ರಿಚರ್ಡ್ ಬರ್ನ್ ಮತ್ತು ಆಂಡ್ರ್ಯೂ ವೈಟನ್ ಸಂಪಾದಿಸಿದ ಪುಸ್ತಕ, ಗುಂಪಿನೊಳಗಿನ ತಂತ್ರ ಪ್ರತಿತಂತ್ರಗಳೇ ವಾನರ ಕುಲದ ಬುದ್ಧಿಯನ್ನು ಬೆಳೆಸಿದವು ಎಂಬ ವಾದಕ್ಕೆ ಇದೇ ಮ್ಯಾಕಿಯವೆಲ್ಲಿಯ ಹೆಸರನ್ನಿಟ್ಟಿತು. ಹಾಗಾದರೆ ತಂತ್ರಗಾರರು ಮನಸ್ಸು ಓದುವುದರಲ್ಲಿ ಮುಂದಿರಬೇಕಲ್ಲವೇ?

ಹಂಗೇರಿಯ ತುಂದೆ ಪಾಲ್ ಮತ್ತು ತಮಾಶ್ ಬೆರೆಟ್ಸ್ಕೈ 2007ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಮನಸ್ಸು ಓದುವ ಶಕ್ತಿಗೂ ಮ್ಯಾಕಿಯವೆಲ್ಲಿ ಗುಣಕ್ಕೂ ಅವರಿಗೆ ಸಂಬಂಧವೇ ಸಿಗಲಿಲ್ಲ. ಸಂಬಂಧ ಸಿಕ್ಕಿದ್ದು ಸಹಕಾರದ ಮನೋಭಾವದ ಜೊತೆ. ಇನ್ನೊಬ್ಬರ ಮನಸ್ಸನ್ನು ಚೆನ್ನಾಗಿ ಓದುವವರು ಹೆಚ್ಚಾಗಿ ಕೂಡಿ ಬಾಳುವವರೇ ಆಗಿದ್ದರು. ಬುದ್ಧಿವಂತಿಕೆಯ ಕತೆಯೂ ಹೀಗೆಯೇ. ಕರಾಳ ಗುಣಗಳಿಗೂ ಸಾಮಾನ್ಯ ಬುದ್ಧಿಶಕ್ತಿಗೂ ಇರುವ ನಂಟಿನ ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿದ ಅರ್ನೆಸ್ಟ್ ಓಬಾಯ್ಲ್ ಮತ್ತು ಸಂಗಡಿಗರಿಗೆ ಕಂಡದ್ದು ಸೊನ್ನೆಗೆ ಹತ್ತಿರದ ಸಂಬಂಧ. ಭಾವನಾತ್ಮಕ ಜಾಣ್ಮೆಯ ಬಗ್ಗೆ 2019ರಲ್ಲಿ ಬಂದ ಇಂಥದೇ ಸಮೀಕ್ಷೆಯಲ್ಲಿ ಮ್ಯಾಕಿಯವೆಲ್ಲಿ ಗುಣ ಮತ್ತು ಸೈಕೋಪಥಿ ಹೆಚ್ಚಿದಷ್ಟೂ ಆ ಜಾಣ್ಮೆ ಕಡಿಮೆ ಎಂದು ಕಂಡಿತು, ಆತ್ಮರತಿಯ ಜೊತೆ ಗಮನಾರ್ಹ ಸಂಬಂಧವಿರಲಿಲ್ಲ.

ಹಾಗಾದರೆ ತಂತ್ರಗಾರರು ಗೆಲ್ಲುವುದು ಹೇಗೆ? ನನಗೆ ತೋಚುವ ಉತ್ತರ ಸರಳ. ಅವರು ನಮಗಿಂತ ಹೆಚ್ಚು ತಿಳಿದವರಲ್ಲ. ತಿಳಿದದ್ದನ್ನು ಬಳಸಲು ನಾವು ಹಿಂಜರಿಯುವ ಕಡೆ ಅವರು ಹಿಂಜರಿಯುವುದಿಲ್ಲ. ಅಣ್ಣನ ಅಭಿಮಾನ ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂಬುದು ಅವನ ತಂಗಿಗೂ ಗೊತ್ತು, ಹೆಂಡತಿಗೂ ಗೊತ್ತು. ಅಲ್ಲಿ ಚುಚ್ಚದಿರುವುದು ಅವರ ಪ್ರೀತಿ, ಅವರ ಅಜ್ಞಾನವಲ್ಲ. ಒಳ್ಳೆಯವರ ತಡೆಯನ್ನು ದಡ್ಡತನವೆಂದೂ ತಂತ್ರಗಾರರ ನಿರ್ಭಿಡೆಯನ್ನು ಜಾಣತನವೆಂದೂ ಕಾಣುವ ರೂಢಿಯಿಂದ ನಾವು ಹೊರಬರಬೇಕು.

ಆತ್ಮರತಿ: ಮೊದಲ ಭೇಟಿಯ ಮೋಡಿ

ಆತ್ಮರತಿಯವರ ಸಾಮಾಜಿಕ ಕೌಶಲ ಕಾಲದ ಜೊತೆ ಬದಲಾಗುವ ಸಂಗತಿ. ಜರ್ಮನಿಯ ಮಿತ್ಯಾ ಬ್ಯಾಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಪರಿಚಯ ಹೇಳಿಕೊಂಡರು. ಆತ್ಮರತಿ ಹೆಚ್ಚಿದ್ದವರು ಹೆಚ್ಚು ಮೆಚ್ಚುಗೆ ಗಳಿಸಿದರು. ಕಣ್ಸೆಳೆಯುವ ಉಡುಪು, ಆತ್ಮವಿಶ್ವಾಸದ ನಿಲುವು, ಮುಖದ ಕಳೆ, ಚಟಾಕಿ ಹಾರಿಸುವ ಮಾತು ಅದಕ್ಕೆ ಕಾರಣವಾಗಿದ್ದವು.

ಇದಕ್ಕೂ ಮುಂಚೆ, 1998ರಲ್ಲಿ, ಪೌಲಸ್ ಇದೇ ಸಂಗತಿಯನ್ನು ವಾರಗಟ್ಟಲೆ ಹಿಂಬಾಲಿಸಿದ್ದರು. ನಾಯಕನಿಲ್ಲದ ಚಿಕ್ಕ ಚಿಕ್ಕ ಗುಂಪುಗಳು ಏಳು ಬಾರಿ ಸೇರಿ ಚರ್ಚಿಸಿದವು. ಸದಸ್ಯರು ಒಬ್ಬರಿಗೊಬ್ಬರು ಅಂಕ ಕೊಟ್ಟರು. ತಮ್ಮನ್ನು ತಾವೇ ಹೊಗಳಿಕೊಳ್ಳುವವರು ಮೊದಲ ಸಭೆಯ ನಂತರ ಹಿತವಾದವರು, ಸಮರ್ಥರು ಎನಿಸಿಕೊಂಡರು. ಏಳನೆಯ ಸಭೆಯ ಹೊತ್ತಿಗೆ ಅದೇ ಜನರನ್ನು ಜಂಬದವರು, ಜಗಳಗಂಟರು ಎಂದು ಅದೇ ಸಂಗಾತಿಗಳು ಗುರುತಿಸಿದರು. ಗಮನ ಸೆಳೆಯುವ ಕೌಶಲ ಬೇರೆ, ಸಂಬಂಧ ಉಳಿಸಿಕೊಳ್ಳುವ ಕೌಶಲ ಬೇರೆ. ಎರಡನೆಯದಕ್ಕೆ ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುವ, ಸೋಲನ್ನು ನುಂಗುವ, ತಪ್ಪಾಯಿತೆನ್ನುವ ಮನಸ್ಸು ಬೇಕು. ನೌಕರಿಯ ಸಂದರ್ಶನವಾಗಲಿ ಹೆಣ್ಣು ನೋಡುವ ಶಾಸ್ತ್ರವಾಗಲಿ, ಅರ್ಧ ಗಂಟೆಯ ಭೇಟಿಯಲ್ಲಿ ಮನುಷ್ಯರನ್ನು ಅಳೆಯುವ ನಮ್ಮ ಪದ್ಧತಿಗಳು ಮೊದಲ ಬಗೆಯ ಕೌಶಲಕ್ಕೇ ಮಣೆ ಹಾಕುತ್ತವೆ. ಹಿಂದೆ ಜೊತೆಯಲ್ಲಿ ದುಡಿದವರನ್ನು, ಕೈಕೆಳಗೆ ಇದ್ದವರನ್ನು ಕೇಳದೆ ಆಯ್ಕೆ ಮಾಡಿದರೆ ಏಳನೆಯ ಸಭೆಯ ಬೆಲೆಯನ್ನು ಆಮೇಲೆ ತೆರಬೇಕಾಗುತ್ತದೆ.

ಒಳಗಿನ ಚಿತ್ರವೂ ಈಗಾಗಲೇ ಕಂಡದ್ದಕ್ಕೆ ಹೊಂದುತ್ತದೆ. ಬರ್ಲಿನ್‌ನಲ್ಲಿ ಕ್ಯಾಥ್ರಿನ್ ರಿಟ್ಟರ್ ಮತ್ತು ಸಂಗಡಿಗರು ಆತ್ಮರತಿಯ ವ್ಯಕ್ತಿತ್ವ ತೊಂದರೆ ಇದ್ದ ರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದಂತೆ, ಅವರ ಮಿಡಿತ ಕುಂದಿತ್ತು, ಅರಿವಿಗೆ ದೊಡ್ಡ ಪೆಟ್ಟು ಬಿದ್ದಿರಲಿಲ್ಲ. ಬ್ರಿಟನ್ನಿನ ಎರಿಕಾ ಹೆಪ್ಪರ್ ಮತ್ತು ಸಂಗಡಿಗರ 2014ರ ಪ್ರಯೋಗಗಳಲ್ಲಿ ಆತ್ಮರತಿ ಹೆಚ್ಚಿದ್ದವರು ಮನೆಯಲ್ಲಿ ಹಿಂಸೆಗೊಳಗಾದ ಮಹಿಳೆಯೊಬ್ಬಳ ಮಾತನ್ನು ವಿಡಿಯೊದಲ್ಲಿ ನೋಡಿ ಹೆಚ್ಚು ಕರಗಲಿಲ್ಲ. ಅವಳ ಜಾಗದಲ್ಲಿ ನಿಂತು ಯೋಚಿಸಿ ಎಂದು ಮೊದಲೇ ಹೇಳಿದಾಗ ಕರಗಿದರು. ಮತ್ತೊಂದು ಪ್ರಯೋಗದಲ್ಲಿ ಹಾಗೆಯೇ ಹೇಳಿದಾಗ, ಇನ್ನೊಬ್ಬರು ದುಃಖ ತೋಡಿಕೊಳ್ಳುವ ದನಿಗೆ ಅವರ ಹೃದಯದ ಬಡಿತವೂ ಏರಿತು. ಅದು ಬಾಯಿಮಾತಿನ ಕರುಣೆಯಾಗಿರಲಿಲ್ಲ.

ತಪ್ಪಾಗಿ ಓದುವ ಕಣ್ಣು

ಕಷ್ಟದ ಸ್ವಭಾವಗಳೆಲ್ಲ ತಣ್ಣನೆಯವಲ್ಲ. ಮುಂಗೋಪ, ಸಂಶಯ, ಕ್ಷಣಕ್ಷಣಕ್ಕೆ ಏರಿಳಿಯುವ ಮನಸ್ಸು ಬೇರೆಯದೇ ಗುಂಪು. ಅಲ್ಲಿ ಮಿಡಿತಕ್ಕೆ ಬರವಿಲ್ಲ, ಓದು ತಪ್ಪುತ್ತದೆ.

ಅಮೆರಿಕದ ಕೆನೆತ್ ಡಾಜ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಡುಗನೊಬ್ಬ ಬಹುಮಾನಕ್ಕಾಗಿ ಚಿತ್ರದ ತುಂಡುಗಳನ್ನು ಜೋಡಿಸುತ್ತಿರುತ್ತಾನೆ. ಪಕ್ಕದ ಕೋಣೆಯ ಇನ್ನೊಬ್ಬ ಹುಡುಗ ಅದನ್ನು ಕೆಡಿಸಿದನೆಂದು ತಿಳಿಯುತ್ತದೆ. ಬೇಕೆಂದೇ ಕೆಡಿಸಿದ್ದು ಸ್ಪಷ್ಟವಿದ್ದಾಗ ಎಲ್ಲ ಹುಡುಗರೂ ಸಿಟ್ಟಾದರು. ಸಹಾಯ ಮಾಡಲು ಹೋಗಿ ಆದದ್ದೆಂದು ಸ್ಪಷ್ಟವಿದ್ದಾಗ ಎಲ್ಲರೂ ತಡೆದುಕೊಂಡರು. ಉದ್ದೇಶ ಮಬ್ಬಾಗಿದ್ದಾಗ ಮಾತ್ರ ಜಗಳಗಂಟ ಹುಡುಗರು ಬೇರೆಯಾದರು. "ಬೇಕಂತಲೇ ಮಾಡಿದ್ದಾನೆ" ಎಂಬಂತೆ ಎಗರಿದರು. ಹೊಡೆತ ಬೈಗುಳಗಳ ನಡುವೆ ಬೆಳೆಯುವ ಮಕ್ಕಳಲ್ಲಿ ಈ ಓದು ಹೆಚ್ಚೆಂದು ಡಾಜ್ ಮುಂದೆ ತೋರಿಸಿದರು. ಅಪಾಯದ ನಡುವೆ ಬೆಳೆದ ಕಣ್ಣು ಎಲ್ಲೆಲ್ಲೂ ಅಪಾಯವನ್ನೇ ಓದುತ್ತದೆ.

ಭಾವನೆಗಳ ತೀವ್ರ ಏರಿಳಿತದ ಬಾರ್ಡರ್‌ಲೈನ್ ವ್ಯಕ್ತಿತ್ವ ತೊಂದರೆಯಲ್ಲೂ ಇಂಥದೇ ಸಂಗತಿ. ಫೋನ್ ಎತ್ತದ ಗೆಳತಿಗೆ ತನ್ನ ಮೇಲೆ ಬೇಸರ ಬಂದಿದೆ, ತನ್ನನ್ನು ಬಿಟ್ಟೇ ಹೋಗುತ್ತಾಳೆ ಎಂದು ಎಳೆ ಎಳೆಯಾಗಿ ಊಹಿಸುವ ಮನಸ್ಸಿಗೆ ಅರಿವಿನ ಕೊರತೆ ಇದೆಯೆನ್ನಲಾಗದು. ಊಹೆ ವಿಪರೀತವಾಗಿದೆ, ಅದನ್ನು ಪರೀಕ್ಷಿಸುವ ತಾಳ್ಮೆ ಕುಸಿದಿದೆ.

ಇಲ್ಲಿ ಆಟಿಸಂ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ 'ಇನ್ನೊಬ್ಬರು ಅರ್ಥವಾಗದವರು' ಎಂಬ ಒಂದೇ ಪಟ್ಟಿಗೆ ಎಲ್ಲರನ್ನೂ ಸೇರಿಸುವ ಅನ್ಯಾಯ ನಡೆಯುತ್ತದೆ. ಆಲಿಸ್ ಜೋನ್ಸ್, ಫ್ರಾನ್ಸೆಸ್ಕಾ ಹಾಪೆ ಮತ್ತು ಸಂಗಡಿಗರು 2010ರಲ್ಲಿ ಎರಡು ಬಗೆಯ ಹುಡುಗರನ್ನು ಹೋಲಿಸಿದರು. ಸೈಕೋಪಥಿಯ ಒಲವುಳ್ಳವರಿಗೆ ಎದುರಿನವರ ಯೋಚನೆ ತಿಳಿಯುತ್ತಿತ್ತು, ನೋವು ತಟ್ಟುತ್ತಿರಲಿಲ್ಲ. ಆಟಿಸಂ ಇರುವವರಿಗೆ ಯೋಚನೆ ಊಹಿಸುವುದು ಕಷ್ಟವಾಗುತ್ತಿತ್ತು, ಇನ್ನೊಬ್ಬರಿಗೆ ನೋವಾದರೆ ಅವರು ಉಳಿದ ಹುಡುಗರಷ್ಟೇ ಕಳವಳಪಡುತ್ತಿದ್ದರು. ಸ್ವತಃ ಆಟಿಸಂ ಉಳ್ಳ ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಇನ್ನೂ ಮುಂದೆ ಹೋಗಿ, ತಿಳಿಯದಿರುವುದು ಎರಡೂ ಕಡೆಯದು, ಉಳಿದವರಿಗೂ ಆಟಿಸಂ ಇರುವವರ ಮನಸ್ಸು ಓದಲು ಬರುವುದಿಲ್ಲ ಎಂದು ವಾದಿಸಿದರು. ಕಣ್ಣು ತಪ್ಪಿಸಿ ಮಾತನಾಡುವ ಮಗುವನ್ನು ಕಲ್ಲುಹೃದಯದ್ದೆಂದು ಕರೆಯುವ ಬಾಯಿಗಳು ಇದನ್ನು ಕೇಳಿಸಿಕೊಳ್ಳಬೇಕು.

ಅಳತೆಗೋಲು ಎಷ್ಟು ನೇರ?

ಈ ಕ್ಷೇತ್ರದ ಫಲಿತಾಂಶಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲು ದೊಡ್ಡ ಕಾರಣ ಅಳತೆಯ ವಿಧಾನ. ಒಂದು ಬಗೆಯಲ್ಲಿ ಜನರನ್ನೇ ಕೇಳುತ್ತಾರೆ. ಮಾರ್ಕ್ ಡೇವಿಸ್ 1980ರಲ್ಲಿ ರೂಪಿಸಿದ 28 ಹೇಳಿಕೆಗಳ ಪ್ರಶ್ನಾವಳಿ ಇವುಗಳಲ್ಲಿ ಪ್ರಸಿದ್ಧ. ಇನ್ನೊಂದು ಬಗೆಯಲ್ಲಿ ಕೆಲಸ ಕೊಟ್ಟು ನೋಡುತ್ತಾರೆ. ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೊಹೆನ್ ಮತ್ತು ಸಂಗಡಿಗರ ಕಣ್ಣೋಟದ ಪರೀಕ್ಷೆಯ 2001ರ ಪರಿಷ್ಕೃತ ರೂಪದಲ್ಲಿ 36 ಕಪ್ಪುಬಿಳುಪು ಚಿತ್ರಗಳಿವೆ. ಪ್ರತಿಯೊಂದರಲ್ಲೂ ಹುಬ್ಬಿನಿಂದ ಮೂಗಿನ ನಡುಭಾಗದವರೆಗೆ ಕತ್ತರಿಸಿದ ಒಂದು ಪಟ್ಟಿ, ಎರಡು ಕಣ್ಣುಗಳು, ಸುತ್ತ ನಾಲ್ಕು ಪದಗಳು. ಈ ಕಣ್ಣುಗಳಲ್ಲಿ ಇರುವುದು ಚಿಂತೆಯೋ, ಸಂಶಯವೋ, ಬೇಸರವೋ, ತುಂಟತನವೋ ಎಂದು ಆರಿಸಬೇಕು. ವಯಸ್ಕರು ಸರಾಸರಿ 26ರ ಆಸುಪಾಸು ಅಂಕ ಗಳಿಸುತ್ತಾರೆ. ಆ ಕಣ್ಣುಗಳ ಸುತ್ತ ಮುಖವಿಲ್ಲ, ದನಿಯಿಲ್ಲ, ಹಿಂದುಮುಂದಿನ ಸಂದರ್ಭವಿಲ್ಲ. ಭಾವನೆಯ ಸೂಕ್ಷ್ಮ ಪದಗಳು ಗೊತ್ತಿಲ್ಲದವರಿಗೆ ಇದು ಮನಸ್ಸಿನ ಪರೀಕ್ಷೆಗಿಂತ ಭಾಷೆಯ ಪರೀಕ್ಷೆಯೇ ಆಗಿಬಿಡುತ್ತದೆ.

ಈ ಎರಡು ಬಗೆಯ ಅಳತೆಗಳು ಒಂದನ್ನೊಂದು ಬೆಂಬಲಿಸುತ್ತವೆಯೇ ಎಂದು ಬ್ರೆಟ್ ಮರ್ಫಿ ಮತ್ತು ಸ್ಕಾಟ್ ಲಿಲಿಯೆನ್‌ಫೆಲ್ಡ್ 2019ರಲ್ಲಿ ಲೆಕ್ಕ ಹಾಕಿದರು. "ನಾನು ಬೇರೆಯವರ ಮನಸ್ಸನ್ನು ಚೆನ್ನಾಗಿ ಅರಿಯುತ್ತೇನೆ" ಎಂದು ಹೇಳಿಕೊಳ್ಳುವುದಕ್ಕೂ ನಿಜವಾಗಿ ಅರಿಯುವುದಕ್ಕೂ ಇದ್ದ ನಂಟು ಗಣನೆಗೆ ಬಾರದಷ್ಟು ಕ್ಷೀಣ. ಇದು ಕಷ್ಟದ ಸ್ವಭಾವದವರಿಗಷ್ಟೇ ಅನ್ವಯಿಸುವ ಮಾತಲ್ಲ, ನಮ್ಮೆಲ್ಲರದೂ ಇದೇ ಪಾಡು. ಪ್ರಶ್ನಾವಳಿಯನ್ನೇ ನೆಚ್ಚಿ, ಈ ಸ್ವಭಾವದವರಿಗೆ ಅರಿವು ಹೆಚ್ಚು ಅಥವಾ ಕಡಿಮೆ ಎಂದು ಸಾರಿದ ಅಧ್ಯಯನಗಳನ್ನು ಅದಕ್ಕಾಗಿಯೇ ಎಚ್ಚರದಿಂದ ಓದಬೇಕು.

ಕೌಶಲ ಕಲಿಸಿದರೆ ಸಾಕೇ?

ಈಗ ಬಳಕೆಯ ಪ್ರಶ್ನೆಗೆ ಬರೋಣ. ಕಾಟ ಕೊಡುವ ಮಕ್ಕಳಿಗೆ ಬೆರೆಯಲು ಬಾರದು, ಆದ್ದರಿಂದ ಬೆರೆಯುವ ಕೌಶಲ ಕಲಿಸಬೇಕು ಎಂದು ಬಹುಕಾಲ ನಂಬಲಾಗಿತ್ತು. ಇಂಗ್ಲೆಂಡಿನ ಜಾನ್ ಸಟನ್, ಪೀಟರ್ ಸ್ಮಿತ್ ಮತ್ತು ಜಾನ್ ಸ್ವೆಟ್ಟನ್‌ಹ್ಯಾಮ್ 1999ರಲ್ಲಿ 7ರಿಂದ 10 ವರ್ಷದ 193 ಮಕ್ಕಳಿಗೆ ಕತೆಗಳನ್ನು ಹೇಳಿ ಪಾತ್ರಗಳ ಮನಸ್ಸಿನಲ್ಲೇನಿದೆ ಎಂದು ಕೇಳಿದರು. ಕಾಟ ಕೊಡುವ ಗುಂಪಿನ ನಾಯಕರು ತಮ್ಮ ಹಿಂಬಾಲಕರಿಗಿಂತಲೂ ಕಾಟಕ್ಕೆ ಸಿಕ್ಕವರಿಗಿಂತಲೂ ಹೆಚ್ಚು ಅಂಕ ಪಡೆದರು. ಯಾರನ್ನು ಗುಂಪಿನಿಂದ ಹೊರಗಿಟ್ಟರೆ ಯಾರೂ ಎದುರಾಡುವುದಿಲ್ಲ ಎಂದು ಬಲ್ಲ ಮಗುವಿಗೆ ಮನಸ್ಸು ಓದುವ ಪಾಠವನ್ನೇ ಮತ್ತೆ ಕಲಿಸಿ ಫಲವಿಲ್ಲ. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ 'ಕಿವಾ' ಕಾರ್ಯಕ್ರಮ ಕಾಟವನ್ನು ನೋಡುತ್ತ ನಿಲ್ಲುವ ಮಕ್ಕಳ ಕಡೆ ತಿರುಗಿತು. ಅವರು ನಗುವುದನ್ನು ಬಿಟ್ಟು ಪೆಟ್ಟು ತಿಂದವರ ಪಕ್ಕ ನಿಂತರೆ ನಾಯಕನ ಜಾಣ್ಮೆಗೆ ಸಿಗುತ್ತಿದ್ದ ಲಾಭ ನಿಂತುಹೋಗುತ್ತದೆ.

ಕೆನಡಾದ ಒಂಟಾರಿಯೊದಲ್ಲಿ ಇನ್ನೂ ಕಠೋರ ಪಾಠ ಸಿಕ್ಕಿತು. ಪೆನೆಟಾಂಗ್ವಿಷೀನ್‌ನ ಓಕ್ ರಿಜ್ ಎಂಬ ಬಿಗಿಭದ್ರತೆಯ ಆಸ್ಪತ್ರೆಯಲ್ಲಿ 1960–70ರ ದಶಕಗಳಲ್ಲಿ ರೋಗಿಗಳೇ ಗುಂಪಾಗಿ ಕೂತು ಒಬ್ಬರಿನ್ನೊಬ್ಬರ ಮನಸ್ಸನ್ನು ತೀವ್ರವಾಗಿ ಕೆದಕುವ ಚಿಕಿತ್ಸೆ ನಡೆಯಿತು. ಮಾರ್ನಿ ರೈಸ್, ಗ್ರಾಂಟ್ ಹ್ಯಾರಿಸ್ ಮತ್ತು ಕ್ಯಾಥರಿನ್ ಕೊರ್ಮಿಯೆ 1992ರಲ್ಲಿ ಅದರ ಫಲ ಪರಿಶೀಲಿಸಿದರು. ಸೈಕೋಪಥಿ ಇಲ್ಲದವರಲ್ಲಿ ಚಿಕಿತ್ಸೆಯ ನಂತರ ಹಿಂಸಾಕೃತ್ಯ ಇಳಿದಿತ್ತು. ಸೈಕೋಪಥಿ ಇದ್ದವರಲ್ಲಿ ಚಿಕಿತ್ಸೆ ಪಡೆದ ಶೇ. 77 ಜನ ಮತ್ತೆ ಹಿಂಸೆಗಿಳಿದಿದ್ದರು, ಪಡೆಯದವರಲ್ಲಿ ಶೇ. 55. ಇನ್ನೊಬ್ಬರ ಭಾವನೆಗಳ ಬಗ್ಗೆ ಕಲಿತದ್ದನ್ನು ಅವರು ದುರ್ಬಳಕೆ ಮಾಡಿರಬಹುದೆಂಬುದು ಸಂಶೋಧಕರ ವಿವರಣೆ. ಈ ಅಂಕಿಗಳನ್ನು ಹಿಡಿದು ಇಂಥವರನ್ನು ಯಾರೂ ತಿದ್ದಲಾರರು ಎನ್ನುವುದು ತಪ್ಪು. ಅಲ್ಲಿನ ಚಿಕಿತ್ಸೆ ಒತ್ತಾಯದ್ದಾಗಿತ್ತು, ಅದರಲ್ಲಿ ಎಲ್‌ಎಸ್‌ಡಿಯಂಥ ಮಾದಕ ವಸ್ತುಗಳ ಬಳಕೆಯೂ ಇತ್ತು. ಇದಕ್ಕೆ ಪ್ರತಿಯಾಗಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1995ರಲ್ಲಿ ಶುರುವಾದ ಮೆಂಡೋಟಾ ಚಿಕಿತ್ಸಾ ಕೇಂದ್ರ ಹಿಂಸೆಯಲ್ಲಿ ಮುಳುಗಿದ್ದ ಹದಿಹರೆಯದವರ ಜೊತೆ ದಿನದಿನದ ಸಣ್ಣ ಒಳ್ಳೆಯ ನಡವಳಿಕೆಗೂ ಸೌಲಭ್ಯ ಕೊಡುತ್ತ, ಶಿಕ್ಷೆ ಪ್ರತಿಶಿಕ್ಷೆಗಳ ಸುಳಿಯನ್ನು ಸಡಿಲಿಸುತ್ತ ಹೋಯಿತು. ಅಲ್ಲಿಂದ ಹೊರಬಂದವರಲ್ಲಿ ಹಿಂಸಾಪರಾಧ ಗಣನೀಯವಾಗಿ ಕಡಿಮೆಯಾಯಿತು.

ಚಿಕ್ಕ ಮಕ್ಕಳಲ್ಲಿ ಬಾಗಿಲು ಇನ್ನೂ ಅಗಲವಾಗಿ ತೆರೆದಿದೆ. ಆಸ್ಟ್ರೇಲಿಯಾದ ಮಾರ್ಕ್ ಡ್ಯಾಡ್ಸ್ ಮತ್ತು ಸಂಗಡಿಗರು 2006ರಲ್ಲಿ, ಕರುಣೆ ಕಡಿಮೆಯಿದ್ದ ಹುಡುಗರು ಭಯದ ಮುಖವನ್ನು ಗುರುತಿಸಲು ಸೋಲುವುದನ್ನು ಕಂಡರು. "ಕಣ್ಣುಗಳನ್ನು ನೋಡು" ಎಂದು ಹೇಳಿದ್ದೇ ತಡ, ಆ ಸೋಲು ಮಾಯವಾಯಿತು. ಅಮ್ಮನ ಕಣ್ಣನ್ನು ನೋಡದ ಮಗುವಿಗೆ ಅವಳ ಕಣ್ಣಿನ ನೀರು ಪಾಠ ಕಲಿಸಲಾರದು. ಗಮನವನ್ನು ಅಲ್ಲಿಗೆ ತಿರುಗಿಸುವ ಕೆಲಸವನ್ನು ಗದರಿಕೆಗಿಂತ ಬೆಚ್ಚನೆಯ ಒಡನಾಟವೇ ಚೆನ್ನಾಗಿ ಮಾಡುತ್ತದೆ.

ಬಾರ್ಡರ್‌ಲೈನ್‌ನಂಥ, ಓದು ತಪ್ಪುವ ಗುಂಪಿಗೆ ನಿಜವಾದ ಚಿಕಿತ್ಸೆಗಳೇ ಇವೆ. ಮಾರ್ಷಾ ಲಿನೆಹನ್ ರೂಪಿಸಿದ ವಿಧಾನ ಭಾವನೆಯನ್ನು ಹಿಡಿತದಲ್ಲಿಡುವ, ಸಂಕಟ ತಾಳುವ, ಸಂಬಂಧ ನಿಭಾಯಿಸುವ ಕೌಶಲಗಳನ್ನು ಹೆಜ್ಜೆ ಹೆಜ್ಜೆಯಾಗಿ ಕಲಿಸುತ್ತದೆ. ಆಂಟನಿ ಬೇಟ್‌ಮನ್ ಮತ್ತು ಪೀಟರ್ ಫೊನಾಗಿ ಅವರದು 'ಅವರು ಹಾಗೆ ಮಾಡಲು ಬೇರೆ ಕಾರಣವೂ ಇರಬಹುದಲ್ಲ' ಎಂದು ನಿಂತು ಯೋಚಿಸುವ ಅಭ್ಯಾಸ. ಎರಡಕ್ಕೂ ವೈದ್ಯಕೀಯ ಪ್ರಯೋಗಗಳ ಬಲವಿದೆ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳಲ್ಲಿ ಪರಾನುಭೂತಿಯೂ, ಅಂದರೆ ಇನ್ನೊಬ್ಬರ ಭಾವನೆಯನ್ನು ಅರಿತು ಮಿಡಿಯುವುದೂ, ಒಂದು. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ಆಧರಿಸಿ ನಮ್ಮ ಪ್ರೌಢಶಾಲೆಗಳಿಗೆ ಕಾರ್ಯಕ್ರಮ ರೂಪಿಸಿತು. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಶಿಕ್ಷಕರ ಮೂಲಕವೇ ಈ ಪಾಠ ಪಡೆದ ಮಕ್ಕಳು ಆತ್ಮಗೌರವದಲ್ಲಿ, ಹೊಂದಾಣಿಕೆಯಲ್ಲಿ ಮುಂದಿದ್ದರು. ನಮ್ಮಲ್ಲೇ ಹುಟ್ಟಿದ ಇಂಥ ಕೆಲಸ ಅಂಕಪಟ್ಟಿಯ ಭರಾಟೆಯಲ್ಲಿ ಮೂಲೆ ಸೇರಬಾರದು. ಕಲಿಸುವಾಗ ಒಂದು ಎಚ್ಚರ ಬೇಕು. ಸ್ಟೆಫಾನ್ ಕೋಟೆ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ಭಾವನೆಗಳನ್ನು ನಿಭಾಯಿಸುವ ತಿಳಿವಳಿಕೆ ನೈತಿಕ ಕಾಳಜಿ ಉಳ್ಳವರಲ್ಲಿ ಒಳ್ಳೆಯ ನಡತೆಯನ್ನು ಬಲಪಡಿಸಿತು, ಮ್ಯಾಕಿಯವೆಲ್ಲಿ ಗುಣದವರಲ್ಲಿ ಸಹೋದ್ಯೋಗಿಗಳಿಗೆ ಕೇಡು ಬಗೆಯುವುದನ್ನು ಹೆಚ್ಚಿಸಿತು. ಕೌಶಲ ಮನುಷ್ಯನನ್ನು ಅವನು ಮೊದಲೇ ಮುಖ ಮಾಡಿದ ಕಡೆಗೆ ವೇಗವಾಗಿ ಒಯ್ಯುತ್ತದೆ, ಅಷ್ಟೆ.

ಹೊಣೆ ಎಲ್ಲಿ ನಿಲ್ಲುತ್ತದೆ

ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ (2013) ಪರ್ಯಾಯ ಮಾದರಿ ವ್ಯಕ್ತಿತ್ವದ ತೊಂದರೆಯನ್ನು ಅಳೆಯಲು ನಾಲ್ಕು ಅಂಶಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಎರಡು ಪರಾನುಭೂತಿ ಮತ್ತು ಆಪ್ತತೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಐಸಿಡಿ-11 ಕೂಡ ಹಳೆಯ ಹಣೆಪಟ್ಟಿಗಳನ್ನು ಬದಿಗಿಟ್ಟು, ವ್ಯಕ್ತಿಯ ಸಂಬಂಧಗಳು ಎಷ್ಟು ಹದಗೆಟ್ಟಿವೆ ಎಂಬುದಕ್ಕೆ ಮಹತ್ವ ಕೊಟ್ಟಿತು. ಸ್ವಭಾವವನ್ನು ಒಬ್ಬ ವ್ಯಕ್ತಿಯೊಳಗಿನ ಗುಣವೆಂದಷ್ಟೇ ನೋಡದೆ ಇಬ್ಬರ ನಡುವೆ ನಡೆಯುವ ಸಂಗತಿಯಾಗಿ ನೋಡುವ ಈ ಬದಲಾವಣೆ ಸರಿಯಾದ ದಿಕ್ಕಿನದು.

ಇಲ್ಲಿಯ ತನಕ ಕಂಡದ್ದರಿಂದ ಎರಡು ಮಾತು ಹೊರಡುತ್ತವೆ, ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಕೇಳಿದಾಗ ಏಳುವ ಶಕ್ತಿ ಇದೆ ಎಂದಾದರೆ ಹೊಣೆಯೂ ಇದೆ. "ಅವನ ಸ್ವಭಾವವೇ ಹಾಗೆ, ಹೊಂದಿಕೊಂಡು ಹೋಗು" ಎಂದು ಹಿರಿಯರು ಸೊಸೆಗೆ ಹೇಳುವಾಗ, ಮೇಲಧಿಕಾರಿಗೆ ಎದುರು ನಿಂತು ವಿನಯದಿಂದ ಮಾತನಾಡುವ ಅದೇ ಮಗ ಮನೆಗೆ ಬಂದು ಕೈ ಎತ್ತುತ್ತಾನೆ ಎಂಬುದನ್ನು ಮರೆಯುತ್ತಾರೆ. ಯಾರ ಮನಸ್ಸನ್ನು ನೋಯಿಸಬಾರದೆಂದು ಅವನಿಗೆ ತಿಳಿದಿದೆ. ಯಾರದನ್ನು ನೋಯಿಸಿದರೂ ನಡೆಯುತ್ತದೆ ಎಂಬುದನ್ನು ಸುತ್ತಲಿನವರು ತಿಳಿಸಿಕೊಟ್ಟಿದ್ದಾರೆ. ಅವನ ಮಿಡಿತವನ್ನು ಎಬ್ಬಿಸುವ ಕೆಲಸವನ್ನು ಪೆಟ್ಟು ತಿನ್ನುವವಳ ಮೇಲೆ ಹೇರುವುದು ಕ್ರೌರ್ಯ. ಅವಳಿಗೆ ಮೊದಲು ಸಿಗಬೇಕಾದದ್ದು ರಕ್ಷಣೆ.

ಇನ್ನೊಂದು ಮಾತು ಭರವಸೆಯದು. ಶಕ್ತಿ ಸತ್ತಿಲ್ಲ, ತಾನಾಗಿ ಏಳುವುದಿಲ್ಲ ಅಷ್ಟೇ ಎಂದಾದರೆ, ಏಳುವ ಅಭ್ಯಾಸವನ್ನು ಬೆಳೆಸಲು ಸಾಧ್ಯ. ಅದಕ್ಕೆ ಎಳವೆಯಲ್ಲೇ ಕಣ್ಣಿಗೆ ಕಣ್ಣು ಕೊಡುವ ಒಡನಾಟ ಬೇಕು, ಕ್ರೌರ್ಯಕ್ಕೆ ಲಾಭ ಸಿಗದ ತರಗತಿ ಮತ್ತು ಕಚೇರಿ ಬೇಕು, ಮಾತಿನ ಮೋಡಿಗಿಂತ ಕಾಲದ ಪರೀಕ್ಷೆಗೆ ಬೆಲೆ ಕೊಡುವ ಸಮಾಜ ಬೇಕು. ಇನ್ನೊಬ್ಬರನ್ನು ಅರಿಯುವ ಜಾಣ್ಮೆಯನ್ನು ಕಲಿಸುವ ಪುಸ್ತಕಗಳಿಗೆ, ಶಿಬಿರಗಳಿಗೆ ಇಂದು ಬರವಿಲ್ಲ. ಅರಿತದ್ದನ್ನು ಯಾರ ಒಳಿತಿಗೆ ಬಳಸುತ್ತೀಯ ಎಂದು ಮಕ್ಕಳನ್ನು ಕೇಳುವ ಮನೆಗಳೂ ಶಾಲೆಗಳೂ ಹೆಚ್ಚಬೇಕು. ಆ ಪ್ರಶ್ನೆಯನ್ನು ದೊಡ್ಡವರಿಗೂ ಕೇಳುವ ಧೈರ್ಯ ನಮಗಿರಬೇಕು.